ಅಪ್ಪ ನೀರು ಎಳೀತಿದ್ದ ಪೈಪು

ಇವತ್ತು ಮೀನಿನ ತೊಟ್ಟಿಗೆ ಹೊಸ ಫಿಲ್ಟರ್ ಜೋಡಿಸಾಕತ್ತಿದ್ದೆ. ತೊಟ್ಟಿ ಕೆಳಗ ಇಡೋ ಡಬ್ಬಿಯಂಥಾದ್ದು. ಅದರ ಪೈಪಿನ ರಬ್ಬರ್ ವಾಸನಿ ಮೂಗಿಗೆ ಬಡಿದಕೂಡ್ಲೆ ಅಪ್ಪ ನೆನಪಾದ.

ಅಪ್ಪ ಪಟಾನ್‌ಚೆರು ಊರಿನ ಫ್ಯಾಕ್ಟರಿಗೆ ಬಸ್ಸಿನ್ಯಾಗ ಹೋಗಿ ಬರ್ತಿದ್ದ. ಐತವಾರ ಮಾತ್ರ ತೊಟ್ಟಿ ನೀರು ಬದಲಿಸೋ ಕೆಲಸ. ಪೈಪಿನ ಒಂದು ತುದಿ ತೊಟ್ಟಿಯೊಳಗ ಬಿಟ್ಟು, ಇನ್ನೊಂದು ಬಾಯಾಗ ಹಿಡಿದು, ಒಂದೇ ಉಸಿರಿಗೆ ಎಳೀತಿದ್ದ. ನೀರು ಬಾಯಿಗೆ ಬಂದಕೂಡ್ಲೆ ತುದಿ ಬಕೆಟ್ಟಿಗೆ ಇಳಿಸ್ತಿದ್ದ. ಆಮ್ಯಾಲ ನೀರು ತಾನೇ ಹರೀತಿತ್ತು.

“ಅರ್ಧಾ ತೊಟ್ಟಿ ನೀವೇ ಕುಡೀತೀರಿ ನೋಡ್ರಿ,” ಅಂತಿದ್ದಳು ಅವ್ವ.

“ಈಜು ಕಲೀಬೇಕಲ್ಲ, ಅದಕ್ಕ ಕುಡೀತೀನಿ!” ಅಂತಿದ್ದ ಅಪ್ಪ.

ಒಂದು ಐತವಾರ ಮೂರು ಸಲ ಎಳೆದ. ನೀರು ಅರ್ಧಕ್ಕ ಬಂದು ವಾಪಸ್ ಹೋತು. ಕೆಮ್ಮಿ ಕೆಮ್ಮಿ ನೆಲದ ಮ್ಯಾಲ ಕುಂತು, ಪೈಪು ನನ್ನ ಕೈಗೆ ಕೊಟ್ಟ.

“ನೀ ಎಳಿಯವ್ವಾ. ಅವ್ವಗ ಹೇಳಬ್ಯಾಡ.”

ನಾ ಎಳೆದೆ, ಸರಾಗ ಬಂತು. “ಭಾಳ ಶಾಣ್ಯಾಕಿ ನೀ,” ಅಂದ. ಆ ಖುಷಿಯೊಳಗ ಅವ್ವಗ ಹೇಳಲೇ ಇಲ್ಲ. ಮುಂದ ಎಷ್ಟೋ ಐತವಾರ ನಾನೇ ಎಳೆದೆ. ಅಪ್ಪನ ಬ್ಯಾನಿ ಅವ್ವಗ ತಿಳಿಯೋದ್ರೊಳಗ ಡಾಕ್ಟರು ಕೈಚೆಲ್ಲಿದ್ರು. ಅಪ್ಪ ಹೋದ. ನನ್ನ ಸಾಲಿ ಏಳನೇ ಇಯತ್ತೆಗೇ ನಿಂತಿತು.

ಈ ಹೊಸ ಫಿಲ್ಟರಿಗೆ ಬಾಯಿ ಹಚ್ಚೋ ಕೆಲಸ ಇಲ್ಲ. ಮ್ಯಾಲಿನ ಗುಂಡಿ ಒತ್ತಿದ್ರ ನೀರು ಬರ್ತೈತಿ. ಮಗಳು ನಕ್ಕೋತ ಒತ್ತಿದಳು. ಒಳಗಿನ ಖೋಲ್ಯಾಗ ಯಜಮಾನರು ಕೆಮ್ಮಿದ್ರು.

“ಪಪ್ಪ ನಿನಗೇನಾರ ಹೇಳಬ್ಯಾಡ ಅಂದಾರೇನು?” ಅಂತ ಕೇಳಿದೆ.

“ಇಲ್ಲಮ್ಮಾ, ದಿನಾ ಇದನ್ನೇ ಕೇಳ್ತಿ,” ಅಂದಳು.

ಅವ್ವ ಕೇಳಿದಾಗ ನಾನೂ ಇಲ್ಲ ಅಂತಲೇ ಅಂದಿದ್ದೆ.