ಡಕೋಟಾ ಕಾಕಾ

ಅವರ ಬೆರಳ ತುದಿಗಳ ತುಂಬ ಸಣ್ಣ ಸಣ್ಣ ಬಿಳಿ ಗೆರೆಗಳಿದ್ದವು. ವಿಮಾನ ಹಾರುವಾಗ ಎಂಜಿನ್ನಿನ ನಟ್ಟುಗಳು ಸಡಿಲವಾಗಬಾರದೆಂದು ಅವಕ್ಕೆ ತೆಳುವಾದ ಉಕ್ಕಿನ ತಂತಿ ಬಿಗಿಯುತ್ತಾರೆ. ಆ ತಂತಿ ಮೂವತ್ತು ವರ್ಷ ಕೊಯ್ದ ಗುರುತುಗಳವು. ಆಂಧ್ರದ ಉಪ್ಪಿನಕಾಯಿ ಕಲಸುವಾಗ ಒಂದೊಂದೂ ಉರಿಯುತ್ತದೆಂದು ನಗುತ್ತಿದ್ದರು.

ನಾನವರನ್ನು ಕಾಕಾ ಎನ್ನುತ್ತಿದ್ದೆ. ಧಾರವಾಡದ ಕಡೆಯವರು. ವಿಮಾನದ ಮೆಕ್ಯಾನಿಕ್ಕಾಗಿ ಊರೂರು ಸುತ್ತಿ, ಮಂಗಳಗಿರಿಯ ಹೆಣ್ಣನ್ನು ಮದುವೆಯಾಗಿ, ನಿವೃತ್ತಿಯ ಮೇಲೆ ವಿಜಯವಾಡದಲ್ಲಿ ನೆಲೆಸಿದ್ದರು. ನಾನು ತುಮಕೂರಿನವನು, ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಹಳೆಯ ಪ್ರಯಾಣಿಕ ವಿಮಾನಗಳ ಪುಟ್ಟ ಮಾದರಿ ಕಟ್ಟುವುದು ನನ್ನ ರಜಾದಿನಗಳ ಹುಚ್ಚು. ಎರಡು ಸಾವಿರದ ಐದರ ಸುಮಾರಿಗೆ ಕೆಂಪು ಪಟ್ಟೆಯ ಡಕೋಟಾ ವಿಮಾನವೊಂದರ ಮಾದರಿ ಹಿಡಿದು ಕೂತಿದ್ದೆ. ಅಂಥ ಕೆಲವು ವಿಮಾನಗಳ ಮೊದಲಿನ ಎಂಜಿನ್ ತೆಗೆದು ಬೇರೆ ಜಾತಿಯದನ್ನು ಕೂರಿಸಿದ್ದರು. ಎಂಜಿನ್ ಬದಲಾದರೆ ಅದರ ಹೊದಿಕೆಯ ಆಕಾರವೂ ಬದಲಾಗುತ್ತದೆ. ಈ ವಿಮಾನಕ್ಕೆ ಯಾವುದಿತ್ತೆಂದು ಇಂಟರ್‌ನೆಟ್ಟಿನಲ್ಲೂ ಸಿಗದಿದ್ದಾಗ ಸಹೋದ್ಯೋಗಿಯೊಬ್ಬರು ಕಾಕಾರ ವಿಳಾಸ ಕೊಟ್ಟರು. ರೈಲು ಹತ್ತಿ ವಿಜಯವಾಡಕ್ಕೆ ಹೋದೆ.

“ಈ ಮನ್ಯಾಗ ಕನ್ನಡ ಮಾತಾಡಾಂವ ನಾ ಒಬ್ಬನ ನೋಡ್ರಿ. ಮಕ್ಕಳೆಲ್ಲಾ ತೆಲುಗು. ಕೂಡ್ರಿ, ಇವತ್ತ ನಿಮ್ಮನ್ನ ಬಿಡಂಗಿಲ್ಲ” ಎಂದರು. ಆಮೇಲೆ ಎರಡೂ ಅಂಗೈಗಳಿಂದ ಗಾಳಿಯಲ್ಲಿ ಎಂಜಿನ್ ಹಿಡಿದು ತೋರಿಸಿದರು. “ಹಳೇದಕ್ಕ ಒಂಬತ್ತು ಸಿಲಿಂಡರು, ಒಂದ ಸುತ್ತು. ಮಾರಿ ಅಗಲ, ಮೂಗು ಗಿಡ್ಡ. ಹೊಸಾದಕ್ಕ ಹದಿನಾಲ್ಕು, ಎರಡು ಸಾಲು. ಮೈ ಸಣ್ಣದು, ಮೂಗು ಉದ್ದ. ನಿಮ್ಮ ಕೆಂಪು ಪಟ್ಟಿದಕ್ಕ ಹಳೇದ ಇತ್ತು.”

ಮಾದರಿಯ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಬಂದಿದ್ದುದು ಉದ್ದ ಮೂಗು. ಪ್ಲಾಸ್ಟಿಕ್ ಕತ್ತರಿಸಿ, ಪುಟ್ಟಿ ತುಂಬಿ, ಉಜ್ಜಿ ಉಜ್ಜಿ ಗಿಡ್ಡ ಮೂಗು ಮಾಡಲು ಆರು ತಿಂಗಳು ಹಿಡಿಯಿತು. ನಡುನಡುವೆ ಅನಕಾಪಲ್ಲಿಯ ಬೆಲ್ಲ ಕಟ್ಟಿಸಿಕೊಂಡು ವಿಜಯವಾಡಕ್ಕೆ ಹೋಗುತ್ತಿದ್ದೆ. ನಾನು ಏನೇ ಹೇಳಿದರೂ ಅವರದು ಒಂದೇ ಪ್ರಶ್ನೆ: “ಕೈ ಹಚ್ಚಿ ನೋಡೀರೇನು?”

ನಮ್ಮ ಕ್ವಾರ್ಟರ್ಸ್‌ನ ಕ್ಲಬ್ಬಿನಲ್ಲಿ ನನ್ನ ಮಾದರಿಗಳ ಪ್ರದರ್ಶನ. ಇನ್ನೆರಡೇ ದಿನವಿತ್ತು. ಬೆಳಿಗ್ಗೆ ಬಾಗಿಲು ತೆರೆದರೆ ಕಾಕಾ ನಿಂತಿದ್ದಾರೆ, ರೈಲಿನ ಧೂಳು ಮೈತುಂಬ. ನೀರು ಕುಡಿಯುವ ಮುಂಚೆಯೇ ಜೇಬಿನಿಂದ ಒಂದು ಫೋಟೋ ತೆಗೆದರು. ಕೆಂಪು ಪಟ್ಟೆಯ ವಿಮಾನ, ಪಕ್ಕದಲ್ಲಿ ತರುಣ ಕಾಕಾ, ಹಿಂದೆ ಉದ್ದ ಮೂಗಿನ ಎಂಜಿನ್.

“ಹಳೇ ದೋಸ್ತನ ಮನ್ಯಾಗ ಸಿಕ್ತು. ನಾ ಎರಡು ವಿಮಾನ ಕಲಸಿ ಹೇಳಿಬಿಟ್ಟೀನಿ. ಪಟ್ಟಿ ಬಳಿಯೂದರಾಗ ಎಂಜಿನ್ ಬದಲಿ ಆಗಿತ್ತು. ತಪ್ಪು ನಂದು.”

ನನಗೆ ಅಳು ಬಂದಂತಾಯಿತು. “ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ ಕಾಕಾ.”

“ನಿಮ್ಮ ಆರು ತಿಂಗಳು ಹಾಳು ಮಾಡಿ ಫೋನಿನ್ಯಾಗ ಹೇಳ್ಲೇನು?”

“ಹೋಗಲಿ, ಈ ಫೋಟೋ ಯಾರೂ ನೋಡಿಲ್ಲ. ಹಾಗೇ ಇಟ್ಟುಬಿಡೋಣ.”

“ನಾ ನೋಡೀನಿ. ಈಗ ನೀವೂ ನೋಡೀರಿ” ಎಂದರು, ತುಂಬ ಮೆತ್ತಗೆ.

ನಾನು ಒಳಗೆ ಹೋಗಿ ಗರಗಸ ತಂದೆ. ಅವರು ರೆಕ್ಕೆ ಅಲುಗದಂತೆ ಹಿಡಿದರು, ನಾನು ಎರಡೂ ಎಂಜಿನ್ ಕೊಯ್ದು ತೆಗೆದೆ. ಹೊಸದನ್ನು ಮಾಡಲು ಸಮಯವಿರಲಿಲ್ಲ. ಪ್ರದರ್ಶನದ ದಿನ ಮೂಗಿಲ್ಲದ ವಿಮಾನವನ್ನೇ ಮೇಜಿನ ಮೇಲಿಟ್ಟು, ಕೊಯ್ದ ತುಂಡುಗಳನ್ನೂ ಫೋಟೋವನ್ನೂ ಪಕ್ಕಕ್ಕಿಟ್ಟೆವು. ‘ನಾವು ತಪ್ಪು ಎಂಜಿನ್ ಹಾಕಿದ್ದೆವು’ ಎಂದು ಚೀಟಿ ಬರೆದದ್ದು ಕಾಕಾ. ಜನ ಏನಿದು ಎಂದು ಬಂದವರು ಅಲ್ಲೇ ನಿಂತರು. ಕಾಕಾ ಸಂಜೆಯವರೆಗೂ ತೆಲುಗಿನಲ್ಲಿ ಒಂಬತ್ತು ಸಿಲಿಂಡರು, ಹದಿನಾಲ್ಕು ಸಿಲಿಂಡರಿನ ಕಥೆ ಹೇಳಿದರು. ನನ್ನ ಯಾವ ಮಾದರಿಯನ್ನೂ ಜನ ಅಷ್ಟು ಹೊತ್ತು ನೋಡಿದ್ದಿಲ್ಲ.

ಮೂರು ವರ್ಷದ ಮೇಲೆ ಕಾಕಾ ತೀರಿಕೊಂಡರು. ಅದಾಗಿ ಕೆಲವು ತಿಂಗಳಿಗೆ ಕಾರ್ಖಾನೆಯಲ್ಲಿ ಒಂದು ದೊಡ್ಡ ಫ್ಯಾನಿನ ಬೇರಿಂಗ್ ಸರಿಯಿದೆಯೆಂದು ನಾನು ಅವಸರದಲ್ಲಿ ಸಹಿ ಹಾಕಿದ್ದೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ವಾಪಸು ಹೋಗಿ ಮೇಲಧಿಕಾರಿಗೆ, “ಸರ್, ನಾನು ತೆರೆದು ನೋಡದೆ ಬರೆದಿದ್ದೇನೆ” ಎಂದೆ. ಚೆನ್ನಾಗಿ ಬೈಸಿಕೊಂಡೆ. ಫ್ಯಾನ್ ನಿಲ್ಲಿಸಿ ಬಿಚ್ಚಿದರೆ ಒಳಗೆ ಉದ್ದಕ್ಕೂ ಬಿರುಕು. ಅದರ ಪಕ್ಕದಲ್ಲೇ ಒಂದು ಪಾಳಿಯ ಜನ ಕೆಲಸ ಮಾಡುತ್ತಿದ್ದರು.

ಮರುದಿನ ಕಾಕಾರ ಹೆಂಡತಿಗೆ ಫೋನ್ ಮಾಡಿ, ನನ್ನ ಹರಕು ತೆಲುಗಿನಲ್ಲಿ ಎಲ್ಲ ಹೇಳಿದೆ. ಒಳ್ಳೆಯ ಕೆಲಸ ಮಾಡಿದೆ, ನಾಯನಾ, ಎಂದರು ಆಕೆ, ಮಗನನ್ನು ಕರೆಯುವ ಹಾಗೆ. ಅದು ನಿಮ್ಮ ಮನೆಯವರು ಮಾಡಿಸಿದ ಕೆಲಸ ಎಂದು ಹೇಳಬೇಕಿತ್ತು. ಹೇಳದೆಯೇ ಫೋನ್ ಇಟ್ಟೆ. ಆ ಮಾತನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.