ಹಸೆಯ ನಡುವೆ ಬಿಟ್ಟ ಜಾಗ

ಬುಧವಾರ ಮಧ್ಯಾಹ್ನ ಬಂತೆಂದರೆ ತಿಮ್ಮಿ ಸೀರೆ ಬದಲಿಸಿ ಎಲ್ಲಿಗೋ ಹೊರಡೋದು ಕಂಡಾಗಲೇ ನನ್ನ ಕಿವಿ ನೆಟ್ಟಗಾಯಿತು. ತಿಮ್ಮಿ ನನ್ನ ವಾರಗಿತ್ತಿ, ಗಂಡನ ತಮ್ಮ ಕೆರಿಯನ ಹೆಂಡತಿ. ಕೆರಿಯ ಸತ್ತು ಮೂರು ವರ್ಷ. ಅಲ್ಲಿಯವರೆಗೆ ಸಿದ್ದಾಪುರದ ಈ ಕಡೆ ನಮ್ಮ ದೀವರ ಮನೆಗಳಲ್ಲಿ ಮದುವೆಯೆಂದರೆ ಹಸೆಗೋಡೆ ಬರೆಯೋದಕ್ಕೆ ತಿಮ್ಮಿಯೇ ಬರಬೇಕಿತ್ತು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ. ಮದುಮಕ್ಕಳು ಕೂರೋದು ಆ ಚಿತ್ರದ ಮುಂದೆ. ಗಂಡ ಹೋದಮೇಲೆ ಅವಳನ್ನು ಯಾರೂ ಕರೆಯಲಿಲ್ಲ. ಮುತ್ತೈದೆಯ ಕೈಯೇ ಆಗಬೇಕಲ್ಲ! ನನ್ನನ್ನು ಕರೆದರು. ನನ್ನ ಗೆರೆ ಎಂಥದ್ದು ಅಂತ ನನಗೇ ಗೊತ್ತು, ಬಿಡಿ.

ಅದು ಎರಡು ಸಾವಿರದ ನಾಲ್ಕನೇ ಇಸವಿ. ಶಿರಸಿಯಿಂದ ಸ್ಫೂರ್ತಿ ಅಂತ ಒಬ್ಬಳು ಬಂದು ಶಾಲೆ ಪಕ್ಕದ ಸಭಾಭವನದಲ್ಲಿ ಬುಧವಾರ ಬುಧವಾರ ಹೆಂಗಸರಿಗೆ ಮಂಡಲ ಬರೆಯುವ ಶಿಬಿರ ಮಾಡುತ್ತಿದ್ದಳು, ತಿಮ್ಮಿ ಹೋಗುತ್ತಿದ್ದದ್ದು ಅಲ್ಲಿಗೇ. ಕಾಗದದ ಮೇಲೆ ದೊಡ್ಡ ವೃತ್ತ ಹಾಕಿ, ಒಳಗೆ ಮನಸ್ಸಿಗೆ ಬಂದದ್ದು ಬರೆಯಬೇಕಂತೆ. ಮಾತಾಡಬಾರದಂತೆ. ಮನಸ್ಸು ಹಗುರಾಗುತ್ತದಂತೆ. ಕಾಗದ ಬಿಟ್ಟಿ, ಬಣ್ಣ ಬಿಟ್ಟಿ, ಮೇಲಿಂದ ಚಾ, ಅವಲಕ್ಕಿ. ಬೆಳ್ಳಗಿರೋದೆಲ್ಲ ಹಾಲೇ? ಓಟಿನವರೋ, ವಿಮೆಯವರೋ, ಯಾರಿಗೆ ಗೊತ್ತು! ಅಲ್ಲದೆ ಮಂಡಲ ಅಂದರೆ ನಾಗನ ಪೂಜೆಗೆ ಭಟ್ಟರು ಮಡಿಯಲ್ಲಿ ಐದು ಬಣ್ಣದ ಪುಡಿ ಹಾಕಿ ಬರೆಯೋದು. ಇವರು ಚಾ ಕುಡಿಯುತ್ತಾ ಬರೆದರೆ ನಾಗ ಸುಮ್ಮನಿರುತ್ತಾನಾ?

ತಡೆಯಲಾರದೆ ಮುಂದಿನ ವಾರ ನಾನೂ ಹೋದೆ. ಹತ್ತು ಹನ್ನೆರಡು ಹೆಂಗಸರು ಚಾಪೆ ಮೇಲೆ ಕೂತು ಬರೆಯುತ್ತಿದ್ದರು.

"ಕೂತ್ಕೊಳ್ಳಿ ಅಮ್ಮ," ಅಂದಳು ಸ್ಫೂರ್ತಿ.

"ಈ ಚಿತ್ರ ಎಲ್ಲ ತಗೊಂಡೋಗಿ ಎಂತ ಮಾಡ್ತೀರಿ?"

"ನಾವು ತಗೊಂಡೋಗೋದಿಲ್ಲ. ಅವರವರದ್ದು ಅವರವರ ಮನೆಗೆ."

ಅಷ್ಟು ಸಲೀಸಾಗಿ ಉತ್ತರ ಬಂದದ್ದಕ್ಕೇ ನನ್ನ ಸಂಶಯ ಹೆಚ್ಚಾಯಿತು. ಅತ್ತ ತಿಮ್ಮಿ ನನ್ನ ಮುಖ ಕಂಡದ್ದೇ ಕಾಗದ ಸುತ್ತಿ ಸೆರಗಿನೊಳಗೆ ಇಟ್ಟಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂದುಕೊಂಡೆ.

ಅವಳು ಸೊಪ್ಪಿಗೆ ಹೋದ ಹೊತ್ತು ನೋಡಿ ಅವಳ ಮನೆಗೆ ಹೋಗಿ ಟ್ರಂಕು ತೆಗೆದೆ. ಹೌದು, ತೆಗೆದೆ. ಒಳಗೆ ಏಳು ಕಾಗದ. ಏಳರಲ್ಲೂ ವೃತ್ತ, ವೃತ್ತದೊಳಗೆ ಚೌಕಟ್ಟು ಹಾಕಿದ ಹಸೆ! ಮೊದಲನೆಯದರ ಗೆರೆ ಸೊಟ್ಟ, ಏಳನೆಯದರದ್ದು ದಾರ ಹಿಡಿದಷ್ಟು ನೆಟ್ಟಗೆ. ನನಗೆ ಉರಿದುಹೋಯಿತು. ಅವಳ ಮಗಳು ಗಂಗೆಯ ಮದುವೆಗೆ ಒಂದೇ ತಿಂಗಳಿತ್ತು, ಹಸೆ ಬರೆಯೋದು ನಾನು ಅಂತ ಹಿರಿಯರೇ ಹೇಳಿಯಾಗಿತ್ತು. ಗಂಡನಿಲ್ಲದವಳು ಬರೆದು ಮಗಳಿಗೇನಾದರೂ ಆದರೆ? ನನ್ನನ್ನು ತಪ್ಪಿಸೋದಕ್ಕೆ ಇಷ್ಟು ಸಂಚಾ?

ಹೊರೆ ಇಳಿಸಿ ಒಳಗೆ ಬಂದವಳ ಮುಂದೆ ಕಾಗದ ಎಸೆದೆ. "ಎಂತ ಮಾರಾಯ್ತಿ ಇದು?"

ತಿಮ್ಮಿ ಒಂದೊಂದೇ ಹೆಕ್ಕಿಕೊಂಡಳು. "ನಡುವೆ ನೋಡಿದ್ಯಾ ಅಕ್ಕ?"

ನೋಡಿದೆ. ಹೆಣ್ಣು-ಗಂಡಿನ ಚಿತ್ರ ಬರಬೇಕಾದ ಜಾಗ ಏಳರಲ್ಲೂ ಖಾಲಿ.

"ಅದು ನಿನ್ನ ಕೈಯಲ್ಲೇ ಆಗಬೇಕು. ಸುತ್ತ ಮಾತ್ರ ನಾನು ಬರೀಲಾ ಅಂತ ಕೇಳೋಣ ಅಂದ್ಕೊಂಡೆ, ಧೈರ್ಯ ಬರಲಿಲ್ಲ. ನೀ ಬೇಡ ಅಂದರೆ, ಈ ಕಾಗದದಲ್ಲಾದರೂ ನನ್ನ ಗಂಗೆಯ ಹಸೆ ಬರೆದಾಯ್ತು ಅಂತ ಸಮಾಧಾನ ಮಾಡ್ಕೊಳ್ತಿದ್ದೆ."

ಎದ್ದು ಮನೆಗೆ ಬಂದೆ, ಆ ದಿನ ಊಟ ಸೇರಲಿಲ್ಲ. ಮರುದಿನ ಹೋಗಿ "ಸುತ್ತ ನೀನೇ ಬರಿ" ಅಂದೆ.

ಮದುವೆಗೆ ಎರಡು ದಿನ ಇರುವಾಗ ಬಾಗಿಲು ಹಾಕಿಕೊಂಡು ತಿಮ್ಮಿ ಗೋಡೆಗೆ ಸುತ್ತಿನ ಹಸೆ ಬರೆದು ಮುಗಿಸಿ, ಕುಂಚ ನನ್ನ ಕೈಗೆ ಕೊಟ್ಟಳು. ನನಗೆ ನಾಚಿಕೆಯಾಯಿತು, ಅದನ್ನು ಅವಳತ್ತಲೇ ಚಾಚಿದೆ.

"ಹಿಡಿ. ನಡುವಿನದ್ದೂ ನಿನ್ನದೇ."

"ಅಕ್ಕ, ಅಪಶಕುನ ಆದರೆ?"

"ಆದರೆ ನನ್ನ ತಲೆ ಮೇಲಿರಲಿ. ಊರವರ ಮೇಲಿನ ಸಂಶಯವನ್ನೆಲ್ಲ ನಾನು ಅಲ್ಲೇ ಹೊತ್ತಿದ್ದೇನಲ್ಲ, ಇದೊಂದು ಭಾರವೇ?"

ಮದುವೆಯ ದಿನ ಗಂಡಿನ ಕಡೆಯ ಮುದುಕಿಯೊಬ್ಬಳು ಗೋಡೆಯನ್ನು ನೋಡುತ್ತಾ ನಿಂತವಳು, "ಯಾರ ಕೈ ಇದು?" ಅಂತ ಕೇಳಿದಳು. ಎಲ್ಲರೂ ನನ್ನ ಕಡೆ ತಿರುಗಿದರು.

"ಹೆತ್ತವಳದ್ದು," ಅಂದೆ.