ಪರಮ ಶುದ್ಧ ಇಂಗಿನ ಡಬ್ಬಿ

ಕೊಡಗಿನ ಮೂರ್ನಾಡಿಗೆ ಬಂದಿಳಿದ ದಿನ ಪಕ್ಕದ ಮನೆಯ ಸೀತಕ್ಕ ತಟ್ಟೆ ತುಂಬ ಬಿಳಿ ಉಂಡೆ ತಂದುಕೊಟ್ಟರು. ಧಾರವಾಡದ ಹೆಣ್ಣು ನಾನು, ಉಂಡೆ ಅಂದರೆ ಸಿಹಿ ಎಂದೇ ತಿಳಿದವಳು. ಬಾಯ್ತುಂಬ ಕಚ್ಚಿದೆ. ಸಕ್ಕರೆಯ ಸುಳಿವೇ ಇಲ್ಲ! ಅದು ಕಡಂಬುಟ್ಟು, ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು, ಎಳೆಬಿದಿರಿನ ಕಣಿಲೆ ಸಾರಿನ ಜೊತೆ ತಿನ್ನಬೇಕು ಎಂದು ಹೇಳುವ ಮೊದಲೇ ನನ್ನ ಮುಖ ನೋಡಿ ಸೀತಕ್ಕ ನಕ್ಕಿದ್ದರು.

ಕನ್ನಡ ನಾಡು ಒಂದಾದ ಹೊಸತು. ಮಳೆಗೆ ಹೆದರಿ ಕೊಡಗಿನ ವರ್ಗವನ್ನು ಎಲ್ಲ ಮೇಷ್ಟರೂ ಬೇಡವೆಂದರೆ ನನ್ನ ಯಜಮಾನರು ಕೇಳಿ ಪಡೆದರು. ಕಾರಣ ನಮ್ಮ ಮಗಳು ಕುಸುಮ. ನಾಲ್ಕು ವರ್ಷದ ಕೂಸು, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿಕೊಂಡು ಸದಾ ಭೇದಿ. ಗೋಧಿಯೊಳಗಿನ ಅಂಟು ಇವಳ ಕರುಳಿಗೆ ಆಗದು, ಚಪಾತಿ, ರವೆ, ಮೈದಾ ಯಾವುದನ್ನೂ ಮುಟ್ಟಿಸಬೇಡಿ, ಇಲ್ಲದಿದ್ದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ನಮ್ಮ ಕೂಡುಕುಟುಂಬದಲ್ಲಿ ಚಪಾತಿಯ ಪುಟ್ಟಿಯಿಂದ ಅವಳನ್ನು ದೂರವಿಡುವುದು ಯಾರಿಂದ ಸಾಧ್ಯ? ಇಲ್ಲಿ ನೋಡಿದರೆ ಬೆಳಗಿನಿಂದ ಸಂಜೆಯವರೆಗೆ ಅಕ್ಕಿಯದೇ ರಾಜ್ಯ. ಗೆದ್ದೆವು ಅಂದುಕೊಂಡೆ.

ಆದರೆ ಭೇದಿ ನಿಲ್ಲಲಿಲ್ಲ. ಎರಡು ದಿನ ಚೆನ್ನಾಗಿದ್ದರೆ ಮತ್ತೆ ಹೊಟ್ಟೆ ಉಬ್ಬರ. ನಾನು ಅವ್ವ ಕಲಿಸಿದಂತೆ ಮಜ್ಜಿಗೆಯಲ್ಲಿ ಇಂಗು ತೇಯ್ದು ಕುಡಿಸುತ್ತಿದ್ದೆ. ಉಬ್ಬರ ಹೆಚ್ಚಿದಷ್ಟೂ ಇಂಗು ಹೆಚ್ಚಿಸಿದೆ.

ಒಂದು ದಿನ ತಮ್ಮ ಅಡುಗೆಮನೆಯಲ್ಲಿ ಸೀತಕ್ಕ ಕೇಳಿಯೇಬಿಟ್ಟರು. "ನಮ್ಮಲ್ಲಿ ಉಂಡ ದಿನ ಈ ಗೂಡೆಗೆ ಹೊಟ್ಟೆನೋವು ಇಲ್ಲೆ. ನಿಮ್ಮ ಮನೇಲಿ ಎಂತ ಉಟ್ಟು?" ಇವರ ಅರೆಭಾಷೆಯಲ್ಲಿ ಗೂಡೆ ಅಂದರೆ ಹುಡುಗಿ, ಉಟ್ಟು ಅಂದರೆ ಇದೆ.

ನನಗೆ ಮೈಯೆಲ್ಲ ಉರಿಯಿತು. "ಏನೂ ಇಲ್ರೀ, ಬರೇ ಅನ್ನ ಸಾರು! ನಾ ಏನ್ ನನ್ನ ಮಗಳಿಗೆ ವಿಷ ಹಾಕ್ತೀನೇನು?"

ಸೀತಕ್ಕ ಕಡಂಬುಟ್ಟಿನ ಬಿಸಿ ತರಿಯನ್ನು ನಾದತೊಡಗಿದರು. ಸಿಟ್ಟಿನಲ್ಲೇ ಅವರ ಕೈ ನೋಡುತ್ತ ನಿಂತವಳಿಗೆ ಧಾರವಾಡದ ನಮ್ಮ ಓಣಿಯ ಇಂಗಿನ ಅಂಗಡಿ ಕಣ್ಣ ಮುಂದೆ ಬಂತು. ಒಳಕೋಣೆಯಲ್ಲಿ ಆಳುಗಳು ಇಂಗಿನ ಅಂಟಿಗೆ ಹಿಟ್ಟು ಸುರಿದು ಹೀಗೆಯೇ ನಾದುತ್ತಿದ್ದರು. ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತು ನೋಡುವುದು ಚಿಕ್ಕಂದಿನಲ್ಲಿ ನಮಗೆ ಆಟ. ಆ ಹಿಟ್ಟು ಮೈದಾ!

ಮನೆಗೆ ಓಡಿದೆ. ಅವ್ವ ಕಳಿಸಿದ ಡಬ್ಬಿಯ ಮೇಲೆ ಆನೆಯ ಚಿತ್ರ, ಕೆಳಗೆ "ಪರಮ ಶುದ್ಧ ಇಂಗು". ಒಳಗೆ ಮತ್ತೇನಿದೆ ಎಂಬುದಕ್ಕೆ ಒಂದಕ್ಷರವಿಲ್ಲ. ಮದ್ದೆಂದು ನಾನೇ ಕೈಯಾರೆ ಗೋಧಿ ಕುಡಿಸಿದ್ದೆ. ಡಬ್ಬಿಯನ್ನು ಹಿತ್ತಲ ಗುಂಡಿಗೆಸೆದು ಅಲ್ಲೇ ಕುಳಿತು ಅತ್ತೆ. ಆಮೇಲೆ ಸೀತಕ್ಕನ ಮನೆಗೆ ಹೋಗಿ ಅವರ ಕೈ ಹಿಡಿದುಕೊಂಡೆ.

ಅಲ್ಲಿಂದ ಮುಂದೆ ನಮ್ಮ ಸಾರಿಗೆ ಜೀರಿಗೆಯ ಒಗ್ಗರಣೆ ಮಾತ್ರ. ಯಜಮಾನರು ಮೂರು ದಿನ ಮುಖ ಸಿಂಡರಿಸಿದರು, ಮಗಳ ಕೆನ್ನೆ ತುಂಬುತ್ತಿದ್ದಂತೆ ಸುಮ್ಮನಾದರು. ಮಳೆಗಾಲ ಮುಗಿಯುವ ಹೊತ್ತಿಗೆ ಕುಸುಮ ಶಾಲೆಯ ಏರನ್ನು ನನಗಿಂತ ಮುಂದೆ ಓಡಿ ಹತ್ತಿದಳು. ನಾನು ಏದುಸಿರು ಬಿಡುತ್ತ ಹಿಂದೆ. ಅಷ್ಟು ಸಂತೋಷದ ಏದುಸಿರು ನನ್ನ ಜನ್ಮದಲ್ಲಿ ಬಿಟ್ಟಿಲ್ಲ.

ಬೇಸಿಗೆ ರಜೆಗೆ ಅಕ್ಕಿ ತರಿಯ ಚೀಲ ಹೊತ್ತು ಧಾರವಾಡಕ್ಕೆ ಹೋದೆವು. ಸಂಗತಿ ಕೇಳಿ ಅವ್ವನಿಗೆ ಸಿಟ್ಟು ಬಂತು. "ಅದs ಇಂಗಿನಾಗ ನಿನ್ನ ಬೆಳಿಸೇನಿ!" ಅಷ್ಟರಲ್ಲಿ ಕುಸುಮ ಅಂಗಳದ ನೀರಿನ ಪುಟ್ಟ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ಬಂದಳು. ಅವ್ವ ಅವಳ ತೋಳು ಮುಟ್ಟಿ ನೋಡಿದಳು. ತನ್ನ ಇಂಗಿನ ಡಬ್ಬಿಯನ್ನು ಅಟ್ಟಕ್ಕೇರಿಸಿ, ಒಂದು ಹೊಸ ಪಾತ್ರೆ ತೊಳೆದು ಒಲೆಗಿಟ್ಟಳು.

ಊಟಕ್ಕೆ ಕುಳಿತಾಗ ನನ್ನ ತಟ್ಟೆಯಲ್ಲಿ ಎಷ್ಟೋ ದಿನದ ಮೇಲೆ ಬಿಸಿ ಚಪಾತಿ. ಕಣ್ಣು ತುಂಬಿ ಬಂತು. ಕೈ ಮಾತ್ರ ಮಗಳ ತಟ್ಟೆಯ ಕಡಂಬುಟ್ಟಿನ ಕಡೆಗೇ ಹೋಯಿತು.

"ತಡಿಯವ್ವಾ," ಎಂದಳು ಅವ್ವ ನಗುತ್ತ, "ಮೊದ್ಲ ನಿಮ್ಮೂರಾಕಿ ಉಣ್ಣಲಿ."

ನಿಮ್ಮೂರಾಕಿ! ಅವ್ವನ ಲೆಕ್ಕದಲ್ಲಿ ನಮ್ಮೂರು ಈಗ ಮೂರ್ನಾಡು. ನಾನು ಹುಟ್ಟಿದ ಮನೆಯಲ್ಲೇ ಕುಳಿತು ಆ ಮಾತು ಕೇಳಿದೆ. ಚುಚ್ಚಿತು, ನಿಜ. ಆದರೂ ಮಗಳು ಎರಡನೆಯ ಉಂಡೆಗೆ ಕೈ ಹಾಕಿದ್ದನ್ನು ನೋಡಿ, ಹೌದವ್ವಾ, ನಮ್ಮೂರಾಕಿನೇ ಎಂದೆ.